ನಾಗಲಿಂಗಪ್ಪನ ಒಳಗಿನ ಬೆಂಚು

ಮಳಗಿ ಎಂಬ ಊರಲ್ಲಿ ಬಸ್ಸು ನಿಲ್ಲುವ ಕಡೆ ನಾಗಲಿಂಗಪ್ಪನ ಚಾದಂಗಡಿ ಇತ್ತು. ಒಳಗೆ ಗೋಡೆಗುಂಟ ಉದ್ದನೆಯ ಬೆಂಚು, ಅದರ ಮುಂದೆ ತಗಡು ಹೊದಿಸಿದ ಮೇಜು. ಹೊರಗೆ ಬೇಲಿಯ ಕಡೆ ಒಂದು ಚಪ್ಪಟೆ ಕಲ್ಲು. ಬೆಂಚಿನವರಿಗೆ ಕಪ್ಪುಬಸಿ, ಕಲ್ಲಿನವರಿಗೆ ಹೊರಗೋಡೆಯ ಗೂಡಿನಲ್ಲಿಟ್ಟ ಅಲ್ಯುಮಿನಿಯಂ ಲೋಟ. ಕಲ್ಲಿನವರು ಲೋಟ ತಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ದ ಚಾ ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಯಾರು ಎಲ್ಲಿ ಕೂಡಬೇಕೆಂದು ಅಲ್ಲಿ ಯಾರೂ ಬೋರ್ಡು ಬರೆಸಿರಲಿಲ್ಲ. ಬರುವವನಿಗೇ ಗೊತ್ತಿರುತ್ತಿತ್ತು.

ಬಸ್ತ್ಯಾಂವ ಸಿದ್ದಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಾಡಿನಲ್ಲಿ ಬಿದ್ದ ಕಟ್ಟಿಗೆ ಆರಿಸಿ, ಮಗಳು ಲೂಸಿಯ ತಲೆಯ ಮೇಲೊಂದು ಸಣ್ಣ ಹೊರೆ, ತನ್ನ ತಲೆಯ ಮೇಲೊಂದು ದೊಡ್ಡ ಹೊರೆ ಹೊರಿಸಿಕೊಂಡು ಅವನು ಆ ಅಂಗಡಿಗೆ ಬರತೊಡಗಿ ವರ್ಷಗಳೇ ಆಗಿದ್ದವು. ಸಿದ್ದಿ ಜನರನ್ನು ಹಿಂದೆ ಯಾವುದೋ ಕಾಲದಲ್ಲಿ ಸಮುದ್ರದಾಚೆಯ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರಂತೆ. ಅಲ್ಲಿಂದ ಓಡಿಬಂದು ಘಟ್ಟದ ಕಾಡು ಸೇರಿದವರ ಮೊಮ್ಮಕ್ಕಳ ಮೊಮ್ಮಗ ಇವನು. ಇಷ್ಟು ತಲೆಮಾರು ಇಲ್ಲಿಯ ನೀರು ಕುಡಿದರೂ ಮೈಬಣ್ಣ ಬದಲಾಗಿರಲಿಲ್ಲ, ಗುಂಗುರು ಕೂದಲು ನೆಟ್ಟಗಾಗಿರಲಿಲ್ಲ. ಊರಿನ ಹುಡುಗರು ಲೂಸಿಯ ಕೂದಲಿಗೆ ಕಡ್ಡಿ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ನೋಡೋಣವೆಂದು ಆಟವಾಡುತ್ತಿದ್ದರು.

ಬಸ್ತ್ಯಾಂವ ಪುಕ್ಕಲ ಎಂದು ಅವನ ಹೆಂಡತಿ ಕಾಮಿಲ ಜರಿಯುತ್ತಿದ್ದಳು. ಅದು ಅನ್ಯಾಯದ ಮಾತು. ಜೇನು ಕೀಳಲು ಹೋದಾಗ ಕರಡಿ ಎದುರಾದರೆ ನಿಂತು ಕೂಗುವ ಎದೆ ಅವನದು. ಅವನು ಹೆದರುತ್ತಿದ್ದದ್ದು ಜನರ ಸಿಟ್ಟಿಗೆ. ಅವನ ಅಣ್ಣ ಎಳೆಯ ವಯಸ್ಸಿನಲ್ಲಿ ಹಳಿಯಾಳದ ಸಂತೆಯಲ್ಲಿ ಬಾಯಾರಿ ಯಾರದೋ ಕೊಡ ಮುಟ್ಟಿದ್ದ. ಸಂತೆ ಮಾಡುತ್ತಿದ್ದ ಜನವೇ ಚೀಲ ಕೆಳಗಿಟ್ಟು ಬಂದು ಅವನನ್ನು ಬಡಿದರು. ಕೊಡ ಮುಟ್ಟಿದ ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ಬಸ್ತ್ಯಾಂವ ಎಲ್ಲಿಗೆ ಹೋದರೂ ಮೊದಲು ನಾಲ್ಕು ಜನರ ಮುಖ ನೋಡಿ, ಆಮೇಲೆ ಉಸಿರು ಬಿಡುವುದನ್ನು ಕಲಿತ.

ಆ ವರ್ಷ ಮುಂಡಗೋಡದ ಕಡೆ ಟಿಬೆಟನ್ ಕಾಲೊನಿ ಎದ್ದಿತ್ತು. ದೇಶ ಬಿಟ್ಟು ಬಂದವರಿಗೆ ಸರಕಾರ ಕಾಡು ಕಡಿಸಿ ಹೊಲ ಕೊಟ್ಟಿತ್ತು, ಅವರು ಗೋವಿನಜೋಳ ಬಿತ್ತಿದ್ದರು. ಒಂದು ಮುಂಜಾನೆ ಅವರಲ್ಲಿಯ ಗಂಡಹೆಂಡತಿ ಲಾರಿಯಿಂದ ಇಳಿದು ಸೀದಾ ನಾಗಲಿಂಗಪ್ಪನ ಬಾಗಿಲಿಗೆ ಬಂದರು. ಗಂಡ ಆ ಬಿಸಿಲಿನಲ್ಲೂ ದಪ್ಪ ನಿಲುವಂಗಿ ತೊಟ್ಟಿದ್ದ. ಹೆಂಡತಿ ಸೊಂಟದ ಮುಂದೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿದ್ದಳು. ಇಬ್ಬರೂ ನಕ್ಕು, ಚಾ ಎಂಬ ಒಂದೇ ಮಾತನ್ನು ಹೇಳಿದರು.

ನಾಗಲಿಂಗಪ್ಪ ಚಾ ಸೋಸುವ ಬಟ್ಟೆ ಹಿಡಿದುಕೊಂಡು ನಿಂತುಬಿಟ್ಟ. ಪಾಪ, ಅಂಗಡಿ ತೆಗೆದಾಗಿನಿಂದ ಇಂಥ ಪೇಚಿಗೆ ಸಿಕ್ಕವನಲ್ಲ. ಇವರು ಒಳಗಿನವರೋ ಹೊರಗಿನವರೋ? ಕಪ್ಪೋ ಲೋಟವೋ? ಹೆಸರು ಕೇಳಿದರೂ ಜಾತಿ ತಿಳಿಯುವಂತಿರಲಿಲ್ಲ, ಮೈಮೇಲೆ ಲಿಂಗವಿಲ್ಲ, ಜನಿವಾರವಿಲ್ಲ. ಬೆಂಚಿನ ಮೂಲೆ ಹಿಡಿದು ದಿನವೂ ಕೂಡುವ ಶೇಖಪ್ಪನ ಮುಖ ನೋಡಿದ. ಶೇಖಪ್ಪ ಊರಲ್ಲಿ ಹೊಲಮನೆ ಉಳ್ಳವನು, ಅವನು ಒಪ್ಪಿದರೆ ಉಳಿದವರು ಒಪ್ಪಿದ ಹಾಗೆ.

"ಬೆಳ್ಳಗ ಅದಾರಲ್ಲೋ ಮಾರಾಯಾ, ಕೂಡಸು," ಅಂದ ಶೇಖಪ್ಪ.

ಅಲ್ಲಿಗೆ ಶಾಸ್ತ್ರವಿಚಾರ ಮುಗಿಯಿತು. ಇವರು ದನ ತಿನ್ನುತ್ತಾರಂತಲ್ಲ ಎಂದು ಒಬ್ಬ ರಾಗ ಎಳೆದ. ತಿಂದರೂ ದಿನವಿಡೀ ಮಣಿ ಎಣಿಸಿ ಜಪ ಮಾಡುವ ಜನ ಎಂದು ಶೇಖಪ್ಪನೇ ಸಮಜಾಯಿಷಿ ಕೊಟ್ಟ. ದಂಪತಿ ಒಳಗಿನ ಬೆಂಚಿನ ಮೇಲೆ ಕೂತು, ಬಸಿಗೆ ಚಾ ಹೊಯ್ದುಕೊಂಡು ಸೊರ್ ಎಂದು ಕುಡಿದರು. ಹೊರಗೆ ಕಲ್ಲಿನ ಮೇಲೆ ಕೂತಿದ್ದ ಬಸ್ತ್ಯಾಂವ ಇದನ್ನೆಲ್ಲ ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಲೂಸಿ ತಿರುಗಿಸಲಿಲ್ಲ. ಅವಳ ಲೋಟದ ಚಾ ಆರಿಹೋಯಿತು.

ಕಾಡುದಾರಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. ಅವರು ನಿನ್ನೆ ಮೊನ್ನೆ ಬಂದವರು, ನಾವು ಮೊದಲಿನಿಂದ ಇದ್ದವರು, ಅವರು ಒಳಗೆ ಹೇಗೆ? ಪಾಪ ಅವರು ಮನೆಮಠ ಕಳಕೊಂಡು ಬಂದವರು, ಊರಿಗೆ ಬಂದ ನೆಂಟರು, ಪಾವಣ್ಯಾರು ಇದ್ದ ಹಾಗೆ ಎಂದು ಬಸ್ತ್ಯಾಂವ ಏನೋ ಹೇಳಿ ಜೋರಾಗಿ ನಡೆದ.

ರಾತ್ರಿ ಊಟದ ಮುಂದೆ ಈ ಮಾತು ಕಾಮಿಲಳ ಕಿವಿಗೆ ಬಿತ್ತು. ಅವಳು ಗಂಗಾಳವನ್ನು ಕುಕ್ಕಿದ ರಭಸಕ್ಕೆ ಗಂಜಿ ಚೆಲ್ಲಿತು.

"ನಮ್ಮ ಮಂದೀನೂ ಮನಿಮಠ ಕಳಕೊಂಡ ಬಂದಿದ್ರು. ಅವರನ್ನ ಯಾರ ಪಾವಣ್ಯಾರು ಅಂದ್ರು? ಇವರ ಮೈ ಬೆಳ್ಳಗೈತಿ, ನಮ್ಮದು ಕರ್ರಗೈತಿ. ಹುಡುಗಿಗೆ ಅಷ್ಟ ಹೇಳು, ಸುಳ್ಳ ಹೇಳಬ್ಯಾಡ."

ಹೇಳಿದರೆ ಅವಳು ಸುಮ್ಮನಿರುತ್ತಾಳೇನು ಎಂದು ಬಸ್ತ್ಯಾಂವ ವಾದಿಸಿದ. ಸುಮ್ಮನೆ ಯಾಕಿರಬೇಕು ಎಂದು ಕಾಮಿಲ. ಅಣ್ಣನ ಕೈ ನೆನಪಿಲ್ಲವೇ ಎಂದು ಇವನು, ಕೈ ಹೋದರೆ ಹೋಯಿತು, ಅದೇ ಹೆದರಿಕೆಯನ್ನು ಮಗಳಿಗೂ ಆಸ್ತಿ ಮಾಡಿ ಬಿಟ್ಟುಹೋಗುತ್ತೀಯಾ ಎಂದು ಅವಳು. ಮಾತಿಗೆ ಮಾತು ಬೆಳೆದು ಇಬ್ಬರೂ ಉಣ್ಣದೆ ಎದ್ದರು. ಬಸ್ತ್ಯಾಂವನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ, ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲವೆಂದು ಸಂಕಟವಾಯಿತು.

ಅಂದಿನಿಂದ ಅವನ ನೆಮ್ಮದಿ ಹಾರಿಹೋಯಿತು. ಲೂಸಿ ಅಂಗಡಿಯ ಮುಂದೆ ಹೊರೆ ಇಳಿಸಿದ ಕೂಡಲೇ ಅವಳ ಕಣ್ಣು ಬೆಂಚಿನ ಕಡೆ ಹೋಗುತ್ತಿತ್ತು, ಇವನ ಕಣ್ಣು ಅವಳ ಕಾಲಿನ ಕಡೆ. ಕಾಲು ಹೊಸ್ತಿಲಿನತ್ತ ಒಂಚೂರು ಹೊರಳಿದರೂ ಇವನು ಒಂದು ಹೆಜ್ಜೆ ಮುಂದಿಟ್ಟು ಅಡ್ಡ ನಿಲ್ಲುತ್ತಿದ್ದ. ಒಳಗೆ ಕೂತವರ ಬಳಿ ಕೋಲು ಇದೆಯೇ, ಶೇಖಪ್ಪ ಇಂದು ಯಾವ ಹದದಲ್ಲಿದ್ದಾನೆ, ಎಲ್ಲ ಲೆಕ್ಕ ಹಾಕುವನು. ಮನೆಯಲ್ಲಿ ಇದ್ದುಬಿಡು ಎಂದು ಅವಳಿಗೆ ಗೋಗರೆದ. ಒಬ್ಬನೇ ಎಷ್ಟು ಹೊರುತ್ತೀ ಎಂದು ಅವಳು ಮುಂದೆ ನಡೆದಳು. ಬೇರೆ ಅಂಗಡಿಗೆ ಕಟ್ಟಿಗೆ ಹಾಕೋಣವೆಂದು ಯೋಚಿಸಿದ, ಆದರೆ ಎಲ್ಲ ಅಂಗಡಿಗಳಿಗೂ ಒಂದು ಹೊರಗಿನ ಕಲ್ಲು ಇದ್ದೇ ಇತ್ತು.

ಗೋವಿನಜೋಳದ ರಾಶಿ ಮುಗಿದ ದಿನಗಳಲ್ಲಿ ಅದು ನಡೆದೇ ಹೋಯಿತು. ಅಂದು ಅಂಗಡಿಯಲ್ಲಿ ಜನ ತುಂಬಿದ್ದರು. ಆ ಟಿಬೆಟಿ ಗಂಡಹೆಂಡತಿಯೂ ಬೆಂಚಿನ ಮೇಲಿದ್ದರು. ಬಸ್ತ್ಯಾಂವ ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತಿದ್ದ. ಲೂಸಿ ಬಾಗಿಲ ಬಳಿ ನಿಂತು ಒಳಗೆ ನೋಡುತ್ತಿದ್ದಳು. ಪಟ್ಟೆ ಬಟ್ಟೆಯ ಹೆಂಗಸಿಗೆ ಊರಿನ ಕಟ್ಟಳೆ ಇನ್ನೂ ತಿಳಿದಿರಲಿಲ್ಲ. ಹುಡುಗಿ ಜಾಗವಿಲ್ಲದೆ ನಿಂತಿದೆ ಎಂದುಕೊಂಡು ಗಂಡನನ್ನು ಆಚೆ ಸರಿಸಿ, ಬೆಂಚನ್ನು ಕೈಯಿಂದ ತಟ್ಟಿ ಕರೆದಳು. ಲೂಸಿ ಹೋಗಿ ಕೂತಳು.

ಅಂಗಡಿಯೆಲ್ಲ ಗಪ್ಪಾಯಿತು. ಆ ಮೌನ ಹಿತ್ತಲಿಗೂ ಕೇಳಿಸಿತು. ಬಸ್ತ್ಯಾಂವ ಕೈಯಲ್ಲಿದ್ದ ಕಟ್ಟಿಗೆ ಚೆಲ್ಲಿ ಓಡಿಬಂದ. ಮಗಳು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಶೇಖಪ್ಪ ಕಪ್ಪು ಕೆಳಗಿಡುತ್ತಿದ್ದಾನೆ. ಹಳಿಯಾಳದಲ್ಲೂ ಹೀಗೆಯೇ ಜನ ಮೊದಲು ಕೈಯಲ್ಲಿದ್ದದ್ದನ್ನು ಕೆಳಗಿಟ್ಟಿದ್ದರು. ಬಸ್ತ್ಯಾಂವನ ಕಣ್ಣಿಗೆ ಮತ್ತೇನೂ ಕಾಣಲಿಲ್ಲ. ಯಾರಾದರೂ ಏಳುವ ಮೊದಲು ತಾನೇ ಒಳಗೆ ನುಗ್ಗಿ, ಮಗಳ ರಟ್ಟೆ ಹಿಡಿದು ಎಳೆದು, ಕೆನ್ನೆಗೆ ಬಿಗಿದ. ಅವಳು ಹೊಸ್ತಿಲಾಚೆ ಹೋಗಿ ಬಿದ್ದಳು. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಮಾಡಿದವನಲ್ಲ. ಕೈ ಉರಿಯಿತು.

ಪಟ್ಟೆ ಬಟ್ಟೆಯ ಹೆಂಗಸು ಬಾಯಿಗೆ ಕೈ ಹಚ್ಚಿದಳು. ಉಳಿದವರೆಲ್ಲ ಹಗುರಾದರು. ಶೇಖಪ್ಪ ಮತ್ತೆ ಕಪ್ಪು ಎತ್ತಿಕೊಂಡ. ತನ್ನ ಅಂಗಡಿಯಲ್ಲಿ ಗಲಾಟೆಯಾಗದೆ ಕೆಲಸ ಮುಗಿಯಿತೆಂದು ನಾಗಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದದ್ದೇ ತಡ, ಅವನಿಗೆ ದೊಡ್ಡತನವೂ ಬಂತು.

"ಯಾಕ ಹೊಡದ್ಯೋ ಬಸ್ತ್ಯಾ ಸಣ್ಣ ಹುಡುಗೀನ್ನ? ನಾ ಏನರ ಅಂದ್ನೇನು? ಕುಂತಿದ್ರ ಕುಂತಿತ್ತು, ಒಂದ ಕಪ್ ಚಾ ಕೊಡ್ತಿದ್ದೆ," ಅಂದ. ಶೇಖಪ್ಪನೂ ಹೌದೆಂದು ತಲೆ ಆಡಿಸಿದ. ಈ ಸಿದ್ದಿಗಳು ಮಕ್ಕಳನ್ನು ದನಕ್ಕೆ ಬಡಿದ ಹಾಗೆ ಬಡಿಯುತ್ತಾರೆ ಎಂದು ಇನ್ನೊಬ್ಬ ಮರುಗಿದ. ನೋಡಿ, ಆ ಅಂಗಡಿಯಲ್ಲಿ ಆಗ ಬಸ್ತ್ಯಾಂವನೊಬ್ಬನನ್ನು ಬಿಟ್ಟು ಎಲ್ಲರೂ ಒಳ್ಳೆಯವರಾಗಿದ್ದರು.

ಲೂಸಿ ಮಣ್ಣು ಝಾಡಿಸಿಕೊಂಡು ಎದ್ದಳು. ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ.

"ಹಂಗಾರ ಈಗ ಕೊಡ್ರಿ," ಅಂದಳು ನಾಗಲಿಂಗಪ್ಪನಿಗೆ.

ನಾಗಲಿಂಗಪ್ಪ ಪೆಚ್ಚಾಗಿ ನಕ್ಕ. ಒಲೆಯ ಕಡೆ ನೋಡಿದ, ಶೇಖಪ್ಪನ ಕಡೆ ನೋಡಿದ. ಶೇಖಪ್ಪ ಹೊರಗೆ ರಸ್ತೆಯ ಕಡೆ ನೋಡುತ್ತಿದ್ದ. ಚಾ ತೀರಿದೆ ಎಂದು ನಾಗಲಿಂಗಪ್ಪ ಗೊಣಗಿದ. ಅವನ ಹಿಂದೆ ಒಲೆಯ ಮೇಲೆ ಚಾ ಉಕ್ಕುತ್ತಿತ್ತು.

ಬಸ್ತ್ಯಾಂವನಿಗೆ ಆಗ ನಾಚಿಕೆ ಬಂತು. ತಾನು ಯಾರಿಗಾಗಿ ಮಗಳನ್ನು ಹೊಡೆದೆ? ಈ ನಗುವವನಿಗಾಗಿ, ಈ ರಸ್ತೆ ನೋಡುವವನಿಗಾಗಿ. ಅವರು ಮಾಡಬೇಕಾದ ಕೆಲಸವನ್ನು ತಾನೇ ಮಾಡಿಕೊಟ್ಟ, ಅವರ ಕೈಗೆ ಮೈಲಿಗೆಯೂ ತಾಗಲಿಲ್ಲ. ಇಷ್ಟು ದಿನ ಮಗಳ ಮೇಲೆ ಯಾರ ಕೈ ಬೀಳುತ್ತದೋ ಎಂದು ಅಂಜಿ ಸತ್ತದ್ದು, ಕಡೆಗೆ ಬಿದ್ದದ್ದು ತನ್ನದೇ ಕೈ. ಓಡಿಹೋಗಬೇಕೆನ್ನಿಸಿತು.

ಓಡಲಿಲ್ಲ. ಹೋಗಿ ಬೆಂಚಿನ ಮೇಲೆ, ಮಗಳು ಕೂತಿದ್ದ ಜಾಗದಲ್ಲೇ ಕೂತ. ಶೇಖಪ್ಪನ ಮಗ್ಗುಲಿಗಿದ್ದವನು ಧಡಕ್ಕನೆ ಎದ್ದು ನಿಂತ. ಬಸ್ತ್ಯಾಂವ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಬಾ ಲೂಸೀ, ಇಲ್ಲಿ ಕುಂದ್ರು. ಸಾವಕಾರ್ರು ಕೊಡ್ತೇನಂದಾರ."

ಅವಳು ಹೊಸ್ತಿಲು ದಾಟಿ ಬಂದು ಅಪ್ಪನ ಪಕ್ಕಕ್ಕೆ, ಆದರೆ ಅವನನ್ನು ತಾಗದ ಹಾಗೆ, ಕೂತಳು. ಅಂಗಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಕಪ್ಪು ಕೆಳಗಿಟ್ಟರು, ಬಸ್ತ್ಯಾಂವ ಚಾ ಬರುವುದನ್ನು ಕಾಯುತ್ತ ಕೂತೇ ಇದ್ದ.