ಕಂಚಣ್ಣನ ಕೊನೆಯ ಮಾತು

ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ ಎಂದು ಬುದ್ಧಿ ಹೇಳುವವರು ಕಂಚಣ್ಣನ ಹೆಂಡತಿಯಾಗಿ ಒಂದು ವಾರ ಬಾಳಿ ನೋಡಬೇಕಿತ್ತು. ಬೇರೆಯವರ ಗಂಡಂದಿರ ಮೇಲೆ ಹೆಚ್ಚೆಂದರೆ ಯಾವಳೋ ಒಬ್ಬಳ ಕಣ್ಣು ಬಿದ್ದೀತು. ಈಕೆಯ ಗಂಡನ ಮೇಲೆ ಇಡೀ ಊರಿನ ಕಿವಿ ಬಿದ್ದಿತ್ತು. ಜಗಳ ಆಡೋಣವೆಂದರೆ ಯಾರ ಜುಟ್ಟು ಹಿಡಿಯುವುದು?

ಕಂಚಣ್ಣ ರೇಡಿಯೊದಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುತ್ತಿದ್ದ. ಕಂಚಿನ ಕಂಠ ಎಂದು ಯಾರೋ ಹೊಗಳಿದ್ದು ಬಾಯಿಂದ ಬಾಯಿಗೆ ಹೋಗಿ ಕಂಚಣ್ಣ ಆಗಿ, ಕೊನೆಗೆ ಅದೇ ಹೆಸರು ನಿಂತಿತ್ತು. ಅವನು "ಗೋ..." ಎಂದು ಎಳೆಯತೊಡಗಿದರೆ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಸಿಗ್ನಲ್ ಹಸಿರಾದರೂ ಬಸ್ಸಿನ ಡ್ರೈವರ್ ಗಾಡಿ ಬಿಡುತ್ತಿರಲಿಲ್ಲ. ಟಿವಿ ಇದ್ದವರೂ ಅದರ ಸದ್ದು ಅಡಗಿಸಿ ಪಕ್ಕದಲ್ಲಿ ರೇಡಿಯೊ ಇಟ್ಟುಕೊಳ್ಳುತ್ತಿದ್ದರು.

ಆ ಕಂಠ ಮನೆಗೆ ಮಾತ್ರ ಬರುತ್ತಿರಲಿಲ್ಲ. ಪಂದ್ಯದ ಹಿಂದಿನ ದಿನ ಗಂಟಲು ಉಳಿಸಬೇಕೆಂದು ಮೌನ, ಪಂದ್ಯದ ಮರುದಿನ ಗಂಟಲು ದಣಿದಿದೆಯೆಂದು ಮೌನ. ಟೀ ಬೇಕಾದರೆ ಬೆರಳೆತ್ತುವುದು, ಸಾಕಾದರೆ ಅಂಗೈ ತೋರಿಸುವುದು, ಹೀಗೆ ಸ್ಟುಡಿಯೊದ ಸನ್ನೆಗಳೆಲ್ಲ ಅಡುಗೆಮನೆಗೆ ಬಂದು ಕೂತಿದ್ದವು. ಎರಡೂ ತಂಡದ ಆಟಗಾರರು, ಬದಲಿ ಆಟಗಾರರು, ರೆಫರಿ, ಮಂಡಿ ಮುರಿದುಕೊಂಡು ಎಂದೋ ಮನೆ ಸೇರಿದ ಗೋಲ್‌ಕೀಪರ್, ಎಲ್ಲರ ಹೆಸರೂ ಅವನ ನಾಲಿಗೆಯ ತುದಿಯಲ್ಲಿ. ಒಂದೊಂದನ್ನೂ ಬೆಲ್ಲ ಚೀಪಿದಂತೆ ಚೀಪಿ ಹೇಳುತ್ತಿದ್ದ. ಹೆಂಡತಿ ಮಾತ್ರ "ಇವಳೇ". ಇವಳೇ, ಟವೆಲ್. ಇವಳೇ, ಬಾಗಿಲಲ್ಲಿ ಯಾರೋ ನೋಡು. ಅಡುಗೆಮನೆಯ ರೇಡಿಯೊದಲ್ಲಿ ಮೀಸೆ ಚಿಗುರದ ಯಾವನೋ ಆಟಗಾರನ ಹೆಸರು ಆ ಕಂಠದಲ್ಲಿ ಮೊಳಗಿದಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೇನು ಬಂಗಾರ ಬೇಕಿತ್ತೇ, ಬಂಗಲೆ ಬೇಕಿತ್ತೇ? ಆ ದನಿಯಲ್ಲಿ ಒಂದು ಸಲ ತನ್ನ ಹೆಸರು ಕೇಳಬೇಕಿತ್ತು.

ಮೈಕು ಒಬ್ಬಳು ಸವತಿಯಾದರೆ ಸಿಗರೇಟು ಇನ್ನೊಬ್ಬಳು. ಹೊಗೆ ಕೊಟ್ಟರೇ ಗಂಟಲು ಹದಕ್ಕೆ ಬರುವುದು ಎಂದು ಆ ಕಸುಬಿನವರೆಲ್ಲ ನಂಬಿದ್ದರು. ಕಾಮೆಂಟರಿ ಕೋಣೆಗೆ ಹತ್ತುವ ಮುಂಚೆ ಒಂದು, ಆಟದ ನಡುವಿನ ಬಿಡುವಿನಲ್ಲಿ ಒಂದು, ಗೆದ್ದರೆ ಖುಷಿಗೆ, ಸೋತರೆ ಸಂಕಟಕ್ಕೆ. ಹೊಸದಾಗಿ ಸೇರಿದವರು ಅವನ ಧ್ವನಿ ಬರಲೆಂದು ಅವನ ಬ್ರಾಂಡನ್ನೇ ಸೇದಿ ಕೆಮ್ಮುತ್ತಿದ್ದರು. ಆಮೇಲೆ ಅವನ ದನಿ ನಿಧಾನಕ್ಕೆ ಒಡೆಯತೊಡಗಿತು, ಕರಕಲಾಯಿತು. ಆಗಲಾದರೂ ಯಾರಾದರೂ ಎಚ್ಚೆತ್ತರೇ? "ಕಂಚಣ್ಣನ ಕಂಠ ಈಗ ಹಣ್ಣಾಗಿದೆ" ಎಂದು ಕೇಳುಗರು ಕೊಂಡಾಡಿದರು. ಸ್ಟೇಷನ್ನಿನ ನಿರ್ದೇಶಕರು ಬೆನ್ನು ತಟ್ಟಿ ಇನ್ನಷ್ಟು ಪಂದ್ಯ ಕೊಟ್ಟರು. ಮಿಮಿಕ್ರಿಯವರು ಆ ಒಡಕನ್ನೇ ಕಲಿತು ಚಪ್ಪಾಳೆ ಗಿಟ್ಟಿಸಿದರು. ಊರೆಲ್ಲ ತಲೆದೂಗುತ್ತಿದ್ದದ್ದು ಗಂಟಲೊಳಗೆ ಬೆಳೆಯುತ್ತಿದ್ದ ಗೆಡ್ಡೆಗೆ.

ನೀರು ನುಂಗುವಾಗ ಅವನು ಕಣ್ಣು ಬಿಗಿಯಾಗಿ ಮುಚ್ಚುವುದನ್ನು ನೋಡಿ ಅವಳೇ ಹೇಳಿದಳು, ಡಾಕ್ಟರಿಗೆ ತೋರಿಸಿ ಎಂದು. ಅವನು ಅಂಗೈ ತೋರಿಸಿದ. ಅನ್ನ ಇಳಿಯದಾದಾಗ ಅವಳೇ ಎಳೆದುಕೊಂಡು ಹೋದಳು.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು," ಎಂದರು ಡಾಕ್ಟರು. "ತೆಗೀದಿದ್ರೆ ಜೀವಕ್ಕೇ ಅಪಾಯ."

"ಸಿಗರೇಟಿಂದ್ಲೇನಾ?" ಎಂದು ಕೇಳಿದಳು.

"ಇಷ್ಟು ವರ್ಷ ಸೇದಿದ್ರೆ ಇನ್ಯಾವುದರಿಂದಮ್ಮ? ಏನಾದ್ರೂ ಹೇಳೋದಿದ್ರೆ ಆಪರೇಷನ್ನಿಗೆ ಮುಂಚೆ ಹೇಳಿಬಿಡಿ ಸರ್. ಆಮೇಲೆ ಆ ದನಿ ಇರೋದಿಲ್ಲ." ಅಷ್ಟು ಹೇಳಿದ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಮ್ಮ ಕಾಮೆಂಟರಿ ಕೇಳ್ಕೊಂಡೇ ನಾನು ಪರೀಕ್ಷೆಗೆ ಓದಿದ್ದು."

ಇವರಿಗೂ ಒಂದು ಪಾಲು, ಎಂದುಕೊಂಡಳು ಅವಳು.

ಸುದ್ದಿ ಹರಡಿದ್ದೇ ತಡ, ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು "ನಮ್ಮ ಕಂಚಣ್ಣಂಗೆ ಹೀಗಾಗಬಾರದಿತ್ತು" ಎಂದು ಬಿಕ್ಕಿಬಿಕ್ಕಿ ಅತ್ತಳು. ನಮ್ಮ ಅಂತೆ! ಅಳುವುದಕ್ಕೂ ನಾನು ಸಾಲಿನಲ್ಲಿ ನಿಲ್ಲಬೇಕೇ ಎಂದು ಅವಳು ಫೋನು ಕುಕ್ಕಿದಳು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ, ಅದಕ್ಕೂ ಸಿಟ್ಟು ಬಂತು.

ನಿರ್ದೇಶಕರು ಮನೆಗೇ ಬಂದರು. "ಆಸ್ಪತ್ರೆಗೆ ಸೇರೋ ಹಿಂದಿನ ಸಂಜೆ ಮೆಷಿನ್ ತಗೊಂಡು ಬರ್ತೀನಿ. ಎರಡು ನಿಮಿಷ ಸಾಕು. ಸಿಗರೇಟು ಬಿಡ್ರಪ್ಪಾ ಅಂತ ಹುಡುಗರಿಗೆ ನಿಮ್ಮ ಬಾಯಲ್ಲಿ ಹೇಳಿಬಿಡಿ. ನಾವು ಹೇಳಿದ್ರೆ ಯಾರು ಕೇಳ್ತಾರೆ?"

ಕಂಚಣ್ಣ ತಲೆಯಾಡಿಸಿದ. ಆ ಹೊತ್ತಿಗೆ ಅವನ ಗಂಟಲಲ್ಲಿ ಉಳಿದಿದ್ದದ್ದೇ ಅಷ್ಟು, ನಾಲ್ಕು ಮಾತಾಡಿದರೆ ದನಿ ಕಟ್ಟಿ ಮರುದಿನದವರೆಗೂ ಬಿಡುತ್ತಿರಲಿಲ್ಲ. ಆ ನಾಲ್ಕು ಮಾತನ್ನು ಉಳಿಸಲು ಅವನು ಅಂದಿನಿಂದಲೇ ಬಾಯಿಗೆ ಬೀಗ ಹಾಕಿಕೊಂಡ. ಗಂಜಿ ಕುಡಿಯುತ್ತ ತುಟಿ ಅಲ್ಲಾಡಿಸಿ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದ. ಅವಳು ಎದುರು ಕೂತು ನೋಡುತ್ತಿದ್ದಳು. ತಳದಲ್ಲಿ ಉಳಿದ ಕೊನೆಯ ಹನಿಯನ್ನೂ ಇವರು ಊರಿಗೇ ಬಸಿದುಕೊಡುತ್ತಾರಲ್ಲ ಎಂದು ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಆ ಸಂಜೆ ನಿರ್ದೇಶಕರ ಕಾರು ಬಂದಾಗ ಕಂಚಣ್ಣ ಸ್ನಾನದಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ರೇಡಿಯೊಗೆ ಗಡ್ಡ ಯಾಕೆ ಹೆರೆಯಬೇಕೋ! ಅವಳು ಗೇಟಿಗೆ ಹೋಗಿ ಅಡ್ಡ ನಿಂತಳು.

"ಜ್ವರ ಬಂದಿದೆ. ಬಾಯಿ ಬಿಡಬಾರದು ಅಂದಿದ್ದಾರೆ ಡಾಕ್ಟರು."

"ಒಂದೇ ನಿಮಿಷಮ್ಮ, ಹುಡುಗರಿಗೋಸ್ಕರ..."

"ಹುಡುಗರಿಗೆ ಅಪ್ಪ ಅಮ್ಮ ಇಲ್ವಾ?"

ಕಾರು ಹೋಯಿತು. ಅವಳು ಫೋನನ್ನು ಆಫ್ ಮಾಡಿ ತಲೆದಿಂಬಿನ ಕೆಳಗಿಟ್ಟಳು. ಇಸ್ತ್ರಿ ಅಂಗಿ ತೊಟ್ಟು ಹೊರಬಂದ ಗಂಡನಿಗೆ, "ಅವರ ಮೆಷಿನ್ ಕೆಟ್ಟಿದೆಯಂತೆ, ಬರೋದಿಲ್ವಂತೆ" ಎಂದಳು. ಅವನ ಮುಖ ಸಣ್ಣದಾಯಿತು. ಕುರ್ಚಿಯಲ್ಲಿ ಕೂತು ಅಂಗಿಯ ಗುಂಡಿಯನ್ನು ತಿರುವುತ್ತ ಬಾಗಿಲನ್ನೇ ನೋಡಿದ. ಅವಳ ಕರುಳು ಚುರುಕ್ ಎಂದಿತು, ಆದರೆ ಕಾಲು ಮಾತ್ರ ಗೇಟಿನ ಕಡೆ ಓಡಲಿಲ್ಲ.

ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಕೊನೆಗೂ ಕೇಳುವವಳು ಅವಳೊಬ್ಬಳೇ.

"ಏನಾದ್ರೂ ಮಾತಾಡಿ."

ಏನು ಎಂಬಂತೆ ಹುಬ್ಬೇರಿಸಿದ.

"ಏನಾದ್ರೂ. ನನ್ನ ಹತ್ರ. ಹೇಗಿದ್ರೂ ಕೂಡಿಟ್ಟಿದ್ದೀರಲ್ಲ."

ಅವನು ನಿಜವಾಗಿಯೂ ಯೋಚಿಸಿದ. ಎದುರಿಗೆ ಮೈದಾನವಿಲ್ಲ, ಚೆಂಡಿಲ್ಲ, ಒಬ್ಬ ಹೆಂಗಸು ಮಾತ್ರ. ಹೊರಗೆ ಕತ್ತಲಾಗುತ್ತಿತ್ತು. ಅವಳು ದೀಪ ಹಾಕಲೂ ಏಳಲಿಲ್ಲ, ಎದ್ದಾಗಲೇ ಅವನು ಬಾಯಿ ತೆರೆದುಬಿಟ್ಟರೆ ಎಂಬ ಭಯ. ಕಡೆಗೆ ಅವನು ಮುಂದೆ ಬಾಗಿದ. ಗಂಟಲು ಸರಿಮಾಡಿಕೊಂಡ.

"ಇವಳೇ," ಎಂದ.

"ಹೂಂ, ಹೇಳಿ."

"ಒಂದು ಕೊಡು. ಕೊನೇದು."

ಅವಳು ಬಚ್ಚಿಟ್ಟಿದ್ದ ಪ್ಯಾಕಿನಿಂದ ಒಂದು ಸಿಗರೇಟು.

ಅವಳು ಕೊಡಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಆ ಕಾಯಿಲೆ ಬಂದಮೇಲೆ ಮೊದಲ ಸಲ ಅತ್ತಳು. ಅವನು ಮುಖ ಊದಿಸಿಕೊಂಡು ಮಲಗಿದ. ಬೆಳಿಗ್ಗೆ ದನಿ ಕಟ್ಟಿತ್ತು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ಅವಳ ಕೈ ಹಿಡಿದ, ಹಿಡಿದದ್ದು ಬಿಟ್ಟರೆ ಬೇರೇನೂ ಇಲ್ಲ.

ಜೀವ ಉಳಿಯಿತು. ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಅವನು ಉಸಿರಾಡುವುದು ಅಲ್ಲಿಂದಲೇ. ಊರಿಗೆ ಇದಕ್ಕಿಂತ ಬೇರೆಯದೇ ಚಿಂತೆ. ಸೊಪ್ಪಿನವಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ದನಿ ಹೋಗೋ ಮುಂಚೆ ಕೊನೆಗೆ ಏನಂದ್ರಮ್ಮ?" ಅವಳು ಮೊದಮೊದಲು ತಡವರಿಸಿದಳು. ಒಮ್ಮೆ ಸೊಪ್ಪು ಆರಿಸುತ್ತಿದ್ದಾಗ ಬಾಯಿಗೆ ಬಂದೇಬಿಟ್ಟಿತು: "ನನ್ನ ಹೆಸರು ಹಿಡಿದು ಕರೆದ್ರು."

ಸೊಪ್ಪಿನವಳು ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೆಂಗಸರು ಅವಳನ್ನು ಕಂಡರೆ ಪುಣ್ಯವಂತೆ ಎನ್ನತೊಡಗಿದರು. ತಮ್ಮ ಗಂಡಂದಿರ ಕಡೆ ಒಂದು ಥರಾ ನೋಡತೊಡಗಿದರು. ಇಷ್ಟು ವರ್ಷ ಹೊಟ್ಟೆ ಉರಿದುಕೊಂಡವಳನ್ನು ನೋಡಿ ಬೇರೆಯವರು ಹೊಟ್ಟೆ ಉರಿದುಕೊಂಡರೆ ಯಾರಿಗೆ ಬೇಡ? ಸುಳ್ಳಿನ ಸುಖವೂ ಸುಖವೇ.

ಆ ಸಲದ ಫೈನಲ್ ಹತ್ತಿರ ಬಂದಾಗ ನಿರ್ದೇಶಕರು ಮತ್ತೆ ಬಂದರು. ಕಂಚಣ್ಣ ಪಕ್ಕದಲ್ಲೇ ಕೂತಿದ್ದ.

"ಅವತ್ತು ನಿಮಗೆ ಜ್ವರ ಬಂದು ರೆಕಾರ್ಡಿಂಗ್ ತಪ್ಪಿಹೋಯ್ತು, ಇರಲಿ," ಎಂದರು. "ಈಗ ಅಮ್ಮ ಬಂದು ಪಂದ್ಯಕ್ಕೆ ಮುಂಚೆ ಎರಡು ಮಾತಾಡ್ಲಿ. ಕೊನೆಗೆ ನೀವು ಅವರ ಹೆಸರು ಹಿಡಿದು ಕರೆದಿದ್ದು, ಅದನ್ನೇ ಹೇಳ್ಲಿ. ಕೇಳಿದವರ ಕರುಳು ಕರಗುತ್ತೆ."

ಕಂಚಣ್ಣ ಹೆಂಡತಿಯ ಕಡೆ ತಿರುಗಿದ. ಒಂದೇ ಏಟಿಗೆ ಎರಡು ಸುಳ್ಳು ಬಯಲಾಗಿದ್ದವು. ಬೈಗುಳ ಬರಲಾರದು, ಆದರೆ ಕಣ್ಣಿಗೇನು ಅಡ್ಡಿ? ಅವಳು ಕಾದಳು. ಅವನು ಕಣ್ಣು ಕೆಳಗೆ ಹಾಕಿದ. ಆ ಸಂಜೆ ತಾನು ಏನು ಕೇಳಿದ್ದೆನೆಂಬುದು ಅವನಿಗೂ ನೆನಪಿತ್ತು.

"ನನಗೆ ಮಾತಾಡೋಕೆ ಬರೋದಿಲ್ಲ," ಎಂದು ಅವಳು ನಿರ್ದೇಶಕರನ್ನು ಸಾಗಹಾಕಿದಳು. ಬಾಗಿಲು ಹಾಕುವಾಗ ನೋಡುತ್ತಾಳೆ, ಅವರು ಗೇಟಿನ ಹೊರಗೆ ನಿಂತು ಜೇಬಿಂದ ಸಿಗರೇಟು ತೆಗೆದು ಹಚ್ಚುತ್ತಿದ್ದಾರೆ. ಹುಡುಗರಿಗೆ ಬುದ್ಧಿ ಹೇಳಿಸಲು ಬಂದಿದ್ದ ಮನುಷ್ಯ! ಅವಳಿಗೆ ಮೈಮೇಲೆ ಬಂದಂತಾಯಿತು. ಗಂಡನ ಗಂಟಲು ತಿಂದವಳು, ತನಗೆ ಸಿಗಬೇಕಿದ್ದ ಕೊನೆಯ ಮಾತನ್ನೂ ಕಿತ್ತುಕೊಂಡವಳು, ಆ ಸಿಗರೇಟು ಸವತಿ, ತನ್ನ ಮನೆಯ ಗೇಟಿನಲ್ಲೇ ಬಳುಕುತ್ತ ನಿಂತಿದ್ದಾಳೆ. ಬೆಣ್ಣೆ ಹಚ್ಚಿದ ಸುಳ್ಳು ಹೇಳಿ ಅವಳ ಮಾನ ಕಾಯುತ್ತಿರುವವಳು ತಾನೇ!

"ರೀ, ನಿಲ್ಲಿ," ಎಂದು ಕೂಗಿದಳು. "ಬರ್ತೀನಿ. ಮೊದಲು ಅದನ್ನ ಎಸೀರಿ."

ಸ್ಟುಡಿಯೊದ ಮೈಕು ಒಂದು ಮುಷ್ಟಿಯಷ್ಟಿತ್ತು. ಇಷ್ಟೇನಾ ನೀನು ಎಂದು ಅದನ್ನು ದುರುಗುಟ್ಟಿ ನೋಡಿ ಅವಳು ಶುರುಮಾಡಿದಳು.

"ಇವರು ಕೊನೆಗೆ ನನ್ನ ಹೆಸರು ಕರೆದ್ರು ಅಂತ ನಿಮಗೆಲ್ಲ ಹೇಳಿದ್ದೆ. ಸುಳ್ಳು. ಸಿಗರೇಟು ಕೇಳಿದ್ರು. ಬೆಳಗಾದ್ರೆ ಕತ್ತು ಕೊಯ್ತಾರೆ ಅಂತ ಗೊತ್ತಿತ್ತು, ಯಾಕೆ ಕೊಯ್ತಾರೆ ಅಂತಾನೂ ಗೊತ್ತಿತ್ತು. ಆದ್ರೂ ಉಳಿದಿದ್ದ ಮಾತನ್ನ ನನಗೆ ಕೊಡ್ಲಿಲ್ಲ, ಅದಕ್ಕೆ ಕೊಟ್ರು. ನನ್ನ ಗಂಡ ಕೆಟ್ಟವರಲ್ಲ. ಅದು ಅಂಥದ್ದು. ಸೇದೋವ್ರು ಇವತ್ತು ಮನೆಗೆ ಹೋಗಿ, ನಿಮ್ಮ ಹೆಂಡ್ತಿ ಹೆಸರನ್ನ ಒಂದು ಸಲ ಗಟ್ಟಿಯಾಗಿ ಕರೀರಿ. ಗಂಟಲು ಇರುವಾಗಲೇ."

ಅಷ್ಟು ಹೇಳಿ ಎದ್ದು ಬಂದಳು. ನಿರ್ದೇಶಕರು ಕಾರಿನ ತನಕ ಬಂದು ತಾವೇ ಬಾಗಿಲು ತೆಗೆದರು.

ಮನೆಯಲ್ಲಿ ಅಕ್ಕಪಕ್ಕದವರು ತುಂಬಿಹೋಗಿದ್ದರು. ಕಂಚಣ್ಣ ರೇಡಿಯೊ ಪಕ್ಕದಲ್ಲಿ ಕೂತಿದ್ದ, ಕೆನ್ನೆ ಒದ್ದೆಯಾಗಿತ್ತು. ಅವಳು ಹೊಸ್ತಿಲು ದಾಟುತ್ತಲೇ ಅವನು ಎದ್ದು ನಿಂತ. ಬಾಯಿ ತೆರೆದ. ತುಟಿ ಕೂಡಿತು, ಬಿಡಿಸಿಕೊಂಡಿತು, ಮತ್ತೆ ಅಗಲವಾಗಿ ತೆರೆಯಿತು. ದನಿಯಿಲ್ಲ, ಕತ್ತಿನ ಬಟ್ಟೆ ಮಾತ್ರ ಉಬ್ಬಿ ಇಳಿಯಿತು. ಅವಳ ಹೆಸರು. ಒಂದೊಂದು ಅಕ್ಷರವೂ ಸ್ಪಷ್ಟ. ಮುಗಿಸಿ ಮತ್ತೊಮ್ಮೆ ಕರೆದ, ಇನ್ನೂ ಎಳೆದು.

"ಏನಂತೆ ಅಕ್ಕ? ಏನು ಹೇಳ್ತಿದ್ದಾರೆ?" ಎಂದು ಪಕ್ಕದ ಮನೆಯವಳು ಕತ್ತು ಚಾಚಿದಳು. ಎಲ್ಲರೂ ಅವಳ ಬಾಯನ್ನೇ ನೋಡಿದರು.

"ಟೀ ಬೇಕಂತೆ," ಎಂದಳು ಅವಳು, ಗಂಡನಿಂದ ಕಣ್ಣು ತೆಗೆಯದೆ.