ಬೆಳಕು ಬೀಳದಂತೆ

“ಆ ದೊಡ್ಡದನ್ನ ಕೊರಳಿಗೆ ಹಾಕ್ಕೊಂಡ್ರೆ ನೀನು ಬೆಟ್ಟ ಹತ್ತಲ್ಲ ಕಣೋ, ಬೆಟ್ಟಾನೇ ನಿನ್ನ ಮೇಲೆ ಹತ್ಕೊಂಡು ಕೂರುತ್ತೆ,” ಎಂದಳು ಅಕ್ಕ.

ಅಂಗಡಿಯವನು ನಕ್ಕ. ಸೂಜಿಮಾಮನಿಗೆ ನಗು ಬರಲಿಲ್ಲ. ಗಾಜಿನ ಮೇಜಿನ ಮೇಲೆ ಮೂರು ಡಿಜಿಟಲ್ ಕ್ಯಾಮೆರಾಗಳು ಕೆಲಸದ ಸಂದರ್ಶನಕ್ಕೆ ಬಂದವರ ಹಾಗೆ ಮೈ ಒರೆಸಿಕೊಂಡು ಕೂತಿದ್ದವು. ಒಂದು ದೊಡ್ಡದು, ನೋಡಲು ಅವನ ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಒಡಹುಟ್ಟಿದಂತಿತ್ತು. ಒಂದು ಅದೂ ಅಲ್ಲದ ಇದೂ ಅಲ್ಲದ ಮಧ್ಯಮ ಗಾತ್ರದ್ದು. ಮೂರನೆಯದು ಸೋಪಿನ ಪೆಟ್ಟಿಗೆಯಷ್ಟೇ ಇತ್ತು. ಅಂಗಡಿಯೊಳಗೆ ಕಾಲಿಟ್ಟಾಗಿನಿಂದ ಅಕ್ಕನ ಕಣ್ಣು ಆ ಸೋಪಿನ ಪೆಟ್ಟಿಗೆಯ ಮೇಲೇ ಇತ್ತು.

ಸೂಜಿಮಾಮ ಅಂದರೆ ಯಾರ ಮಾಮನೂ ಅಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸದಲ್ಲೇ ಕೂದಲು ಬೆಳ್ಳಗಾದವನು. ಅವನು ಚುಚ್ಚಿದರೆ ಎಳೆಮಕ್ಕಳು ಕೂಡ ಅಳಲು ಮರೆಯುತ್ತಿದ್ದವು ಎಂದು ಹೆಸರಾಗಿತ್ತು. ನರ ಸಿಗದ ಮುದುಕರನ್ನು, ಸೂಜಿ ಕಂಡರೆ ಎಚ್ಚರ ತಪ್ಪುವವರನ್ನು ಎಲ್ಲ ಕಡೆಯಿಂದ ಅವನ ಹತ್ತಿರವೇ ತಳ್ಳುತ್ತಿದ್ದರು. ಮಕ್ಕಳು ಇಟ್ಟ ಆ ಹೆಸರನ್ನು ದೊಡ್ಡವರೂ ಹಿಡಿದುಕೊಂಡರು. ಈಗ ಬೀದಿಯವರಿಗೂ ಅವನು ಸೂಜಿಮಾಮನೇ. ಅಕ್ಕ ಕೂಡ, ತಮಾಷೆ ಮಾಡುವಾಗ, ಹಾಗೇ ಕರೆಯುತ್ತಾಳೆ.

ಆ ಸೂಜಿಮಾಮನ ಬಲಗೈ ಕಳೆದ ಚಳಿಗಾಲದಿಂದ ನಡುಗುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಅಂಗೈ. ಅದೇನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಥ ಕೈಗಳನ್ನು ಎಷ್ಟೋ ಸಲ ಅವನೇ ಹಿಡಿದು ನಿಲ್ಲಿಸಿ ರಕ್ತ ತೆಗೆದಿದ್ದ. ಯಾರ ಕಣ್ಣಿಗೂ ಬೀಳುವ ಮೊದಲೇ ಮೇಲಿನವರನ್ನು ಕೇಳಿಕೊಂಡು, ಶೀಶೆಗಳಿಗೆ ಚೀಟಿ ಅಂಟಿಸುವ ಮೇಜಿಗೆ ಬದಲಾಯಿಸಿಕೊಂಡಿದ್ದ. ಅಕ್ಕನಿಗೆ ಅದನ್ನು ಬಡ್ತಿ ಎಂದು ಹೇಳಿದ್ದ. ಅವಳು ಸಂತೋಷಪಟ್ಟು, ಇನ್ನಾದರೂ ಕೂತು ಸಂಬಳ ತಗೋ ಎಂದಿದ್ದಳು. ಭಾನುವಾರ ಅವಳ ಮನೆಗೆ ಹೋದಾಗ ಟೀ ಬಿಟ್ಟುಬಿಟ್ಟಿದ್ದೇನೆ ಎನ್ನುತ್ತಿದ್ದ. ಕಪ್ಪು ಬಸಿಯ ಮೇಲೆ ಕುಣಿದರೆ ಅಕ್ಕನ ಕಿವಿಗೆ ಬೀಳದೆ ಇರುತ್ತದೆಯೇ?

ಮುಚ್ಚಿಟ್ಟದ್ದು ನಾಚಿಕೆಗಲ್ಲ, ಅಥವಾ ಬರೀ ನಾಚಿಕೆಗಲ್ಲ. ಮುಂದಿನ ವಾರ ಅವರಿಬ್ಬರೂ ರೈಲು ಹತ್ತಬೇಕಿತ್ತು. ಎರಡು ರಾತ್ರಿಯ ದಾರಿ, ಆಮೇಲೆ ಬಸ್ಸು, ಆಮೇಲೆ ಬೆಟ್ಟ, ಬೆಟ್ಟದ ಮೇಲೊಂದು ಸರೋವರ. ಸೂಜಿಮಾಮ ಒಂಟಿಯಾಳು, ರಜೆ ಸಿಕ್ಕಾಗೆಲ್ಲ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊರಟುಬಿಡುತ್ತಿದ್ದ. ಅಕ್ಕ ಬೆಟ್ಟ, ಕಡಲು, ಮರಳುಗಾಡು ಎಲ್ಲವನ್ನೂ ನೋಡಿದ್ದು ತಮ್ಮ ತಂದ ಫೋಟೋಗಳಲ್ಲೇ. ಅವಳೂ ಹೊರಡದೆ ಇರಲಿಲ್ಲ. ಒಂದು ಸಲ ಹೊರಟಾಗ ಗಂಡನಿಗೆ ಉಬ್ಬಸ ಹೆಚ್ಚಾಯಿತು. ಇನ್ನೊಂದು ಸಲ ಅತ್ತೆ ಹಾಸಿಗೆ ಹಿಡಿದರು, ಹಿಡಿದವರು ಬೇಗ ಬಿಡಲಿಲ್ಲ. ಮತ್ತೊಂದು ಸಲ ಅಮ್ಮ. ಪ್ರತಿಸಲವೂ ಅಟ್ಟದಿಂದ ಪೆಟ್ಟಿಗೆ ಇಳಿಯುವುದು, ಒಗೆದ ಸೀರೆಗಳು ಅದರೊಳಗೆ ಮಲಗುವುದು, ಆಮೇಲೆ ಸೀರೆ ಬೀರುವಿಗೆ, ಪೆಟ್ಟಿಗೆ ಅಟ್ಟಕ್ಕೆ. ಈಗ ಮನೆಯಲ್ಲಿ ಕಾಯಿಲೆ ಬೀಳಲು ಯಾರೂ ಉಳಿದಿಲ್ಲ ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ಅವಳಿಗೆ ಈ ಕೈ ಕಂಡರೆ ಮುಗಿಯಿತು, ಮೊದಲು ಡಾಕ್ಟರು, ಆಮೇಲೆ ಬೆಟ್ಟ ಎನ್ನುತ್ತಾಳೆ. ಆ ಆಮೇಲೆ ಎಂಬುದು ಅವಳ ಬದುಕಿನಲ್ಲಿ ಇನ್ನೂ ಒಮ್ಮೆಯೂ ಬಂದಿರಲಿಲ್ಲ.

ಹಳೆಯ ಕ್ಯಾಮೆರಾವನ್ನೇ ಒಯ್ಯುತ್ತಿದ್ದನೇನೋ. ಆದರೆ ಈ ಅಂಗಡಿಯವನು ಹಿಂದಿನ ಕೋಣೆಯ ಫಿಲ್ಮ್ ತೊಳೆಯುವ ಮೆಷೀನನ್ನು ನಿಲ್ಲಿಸಿಬಿಟ್ಟಿದ್ದ. ಊರಿನಲ್ಲಿ ಉಳಿದಿದ್ದ ಕೊನೆಯ ಮೆಷೀನು ಅದು. ನಿಲ್ಲಿಸುವ ಮೊದಲು ಸೂಜಿಮಾಮ ತಂದ ಕೊನೆಯ ರೋಲುಗಳಲ್ಲಿ ಮರ, ಮನೆ, ಮನುಷ್ಯರು ಎಲ್ಲರೂ ಒಂದೇ ದಿಕ್ಕಿಗೆ ಜಾರಿದಂತೆ ಮಸುಕಾಗಿದ್ದರು. ಮೆಷೀನು ಕೆಟ್ಟಿದೆ ಎಂದು ಅವನು ಅಕ್ಕನ ಎದುರಿಗೇ ದಬಾಯಿಸಿದ್ದ. ಅಂಗಡಿಯವನು ನೆಗೆಟಿವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ, ಗೆಳೆಯನ ಮುಖವನ್ನೂ ಒಮ್ಮೆ ನೋಡಿದ. ಹೌದಪ್ಪ, ಮೆಷೀನಿಗೂ ವಯಸ್ಸಾಯ್ತು ಎಂದು ಆ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡ. ಫಿಲ್ಮು ತೊಳೆಯುವವನಿಗೆ ಮೆಷೀನಿನ ತಪ್ಪು ಯಾವುದು, ಕೈಯ ತಪ್ಪು ಯಾವುದು ಎಂದು ತಿಳಿಯದೆ ಇರುವುದಿಲ್ಲ. ಆ ದಿನದಿಂದ ಸೂಜಿಮಾಮ ಅವನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿರಲಿಲ್ಲ.

“ಇದು ನೋಡಿ,” ಎಂದು ಅಂಗಡಿಯವನು ಮಧ್ಯಮದ್ದನ್ನು ಮುಂದಕ್ಕೆ ಸರಿಸಿದ. ಇದರೊಳಗೆ ಅಲುಗಾಟ ತಡೆಯುವ ಏರ್ಪಾಡಿದೆ, ಬಸ್ಸಿನಲ್ಲಿ ಕೂತು ತೆಗೆದರೂ ಚಿತ್ರ ನಿಂತಿರುತ್ತದೆ ಎಂದು ವಿವರಿಸಿದ. ಬಸ್ಸು ಎನ್ನುವಾಗ ಅವನ ದನಿ ಒಂಚೂರು ತಗ್ಗಿತು. ಸೂಜಿಮಾಮನಿಗೆ ಅರ್ಥವಾಯಿತು.

“ಇವನ ಕೈಗೆ ಅದೆಲ್ಲ ಯಾಕೆ?” ಎಂದಳು ಅಕ್ಕ. “ಹುಟ್ಟಿದ ಮಗೂನ ನರ ಹುಡುಕೋ ಕೈ ಅದು.”

ಇಬ್ಬರು ಗಂಡಸರೂ ಮೇಜಿನ ಕಡೆ ನೋಡಿದರು.

ಸೂಜಿಮಾಮನ ವಾದ ಬೇರೆಯೇ ಇತ್ತು. ಕಣ್ಣಿಗೆ ಒತ್ತಿ ನೋಡುವ ಕಿಂಡಿ ಇಲ್ಲದ್ದು ಕ್ಯಾಮೆರಾನೇ ಅಲ್ಲ ಎಂದು ಅವನು ಹಟ ಹಿಡಿದಿದ್ದ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಬೇಗ ಸಾಯುತ್ತದೆ, ಸೋಪಿನ ಪೆಟ್ಟಿಗೆಯನ್ನು ಕೈಚಾಚಿ ಹಿಡಿದು ನಿಂತವನು ಬಸ್ಸಿಗೆ ಕೈ ಅಡ್ಡ ಹಾಕಿದವನ ಹಾಗೆ ಕಾಣುತ್ತಾನೆ. ಎಲ್ಲ ಕಾರಣಗಳೂ ನಿಜವೇ. ನಿಜವಾದ ಕಾರಣ ಮಾತ್ರ ಅವುಗಳಲ್ಲಿ ಇರಲಿಲ್ಲ. ದೊಡ್ಡ ಕ್ಯಾಮೆರಾವನ್ನು ಹುಬ್ಬಿಗೆ, ಮೂಗಿಗೆ ಒತ್ತಿ, ಮೊಣಕೈಯನ್ನು ಪಕ್ಕೆಗೆ ಆನಿಸಿ, ಹತ್ತಿರ ಗೋಡೆಯೊಂದು ಸಿಕ್ಕರೆ ಭುಜವನ್ನೂ ಕೊಟ್ಟು, ಉಸಿರು ಕಟ್ಟಿ ಒತ್ತಿದರೆ ಹೇಗೋ ನಡೆಯುತ್ತದೆ. ಚಾಚಿದ ತೋಳಿನ ತುದಿಯಲ್ಲಿ ನಡೆಯುವುದಿಲ್ಲ. ಅದೂ ಅಲ್ಲದೆ, ಹಿಂದೆ ಚಿತ್ರ ಕೆಟ್ಟಿದ್ದು ತಿಳಿಯಲು ವಾರಗಟ್ಟಲೆ ಆಗುತ್ತಿತ್ತು, ಅಷ್ಟರಲ್ಲಿ ಒಂದು ಸುಳ್ಳು ಸಿದ್ಧವಾಗಿರುತ್ತಿತ್ತು. ಈ ಹೊಸ ಕ್ಯಾಮೆರಾಗಳ ಬೆನ್ನಿನ ಪರದೆಯ ಮೇಲೆ ಎಲ್ಲವೂ ಆಗಿಂದಾಗಲೇ ಬಂದು ಕೂರುತ್ತದೆ.

ಅವನು ದೊಡ್ಡದನ್ನು ಎತ್ತಿ, ಕಂಬಕ್ಕೆ ಒರಗಿ, ಬೀದಿಯ ಕಡೆ ಒಂದು ಚಿತ್ರ ತೆಗೆದ. ತೆಗೆದೊಡನೆ ಅವನ ಹೆಬ್ಬೆರಳು ಫಿಲ್ಮನ್ನು ಮುಂದಕ್ಕೆ ಸರಿಸುವ ಹಿಡಿಯನ್ನು ಹುಡುಕಿತು. ಇಲ್ಲದ ಹಿಡಿಯನ್ನು ಗಾಳಿಯಲ್ಲಿ ಎಳೆಯಿತು. ಅಂಗಡಿಯವನು, ನನಗೂ ಹಾಗೇ ಆಗುತ್ತೆ ಮಾರಾಯ, ಬೆರಳಿಗೆ ಯಾರು ಹೇಳೋರು ಎಂದ. ಚಿತ್ರ ಸುಮಾರಾಗಿತ್ತು. ಸೂಜಿಮಾಮ ಕ್ಯಾಮೆರಾ ಕೆಳಗಿಟ್ಟು ಕೈಯನ್ನು ಮತ್ತೆ ಪ್ಯಾಂಟಿನ ಜೇಬಿಗೆ ಇಳಿಸಿದ. ಅಷ್ಟರಲ್ಲೇ ಅವನಿಗೆ ಮೂಟೆ ಹೊತ್ತಷ್ಟು ಸುಸ್ತಾಗಿತ್ತು.

ಈ ನಡುವೆ ಅಕ್ಕ ಸೋಪಿನ ಪೆಟ್ಟಿಗೆಯನ್ನು ಎತ್ತಿಕೊಂಡು, ಯಾರನ್ನೂ ಕೇಳದೆ, ಇಬ್ಬರ ಕಡೆಗೂ ತಿರುಗಿಸಿ ಒತ್ತಿಬಿಟ್ಟಳು. ಕ್ಯಾಮೆರಾದಂಥ ಯಾವುದನ್ನೂ ಅವಳು ಇದುವರೆಗೆ ಮುಟ್ಟಿದವಳಲ್ಲ. ಹಳೆಯದರ ಗಾಜಿಗೆ ಬೆರಳಚ್ಚು ಬೀಳುತ್ತದೆಂದು ತಮ್ಮ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಪರದೆಯಲ್ಲಿ ಇಬ್ಬರು ಮುದುಕರು ಸಾಲ ಕೇಳಲು ಬಂದವರ ಹಾಗೆ ನಿಂತಿದ್ದರು. ಅವಳಿಗೆ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡುವ ಆಸೆಯಾಯಿತು. ಅಂಗಡಿಯವನು ಕ್ಯಾಮೆರಾ ಇಸಿದುಕೊಂಡು ಮೇಜಿನ ಮೇಲಿಟ್ಟು, ಚಿತ್ರಗಳಿರುವ ಕಾರ್ಡನ್ನು ತೆಗೆಯಲೆಂದು ಅದರ ಪುಟ್ಟ ಬಾಗಿಲನ್ನು ಉಗುರಿನಿಂದ ಎಬ್ಬಿದ.

“ಬೆಳಕು ಬೀಳುತ್ತೆ,” ಎಂದ ಸೂಜಿಮಾಮ. ಹೇಳುವಷ್ಟರಲ್ಲೇ ಅವನ ಬಲಗೈ ಜೇಬಿನಿಂದ ಹಾರಿಬಂದು ಆ ಬಾಗಿಲಿನ ಮೇಲೆ ಅಂಗೈ ಮುಚ್ಚಿತ್ತು.

ಒಂದು ಗಳಿಗೆ ಮೂವರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಫಿಲ್ಮಿರುವ ಕ್ಯಾಮೆರಾದ ಬಾಗಿಲನ್ನು ಬೆಳಕಿನಲ್ಲಿ ತೆರೆದರೆ ಚಿತ್ರಗಳೆಲ್ಲ ಹಾಳೆಂದು ಊರಿಗೆಲ್ಲ ಬೈದು ಬೈದು ಕಲಿಸಿದವನು ಅವನೇ. ಇದರೊಳಗೆ ಬೆಳಕು ಬಿದ್ದರೂ ಏನೂ ಆಗದು, ಬಿಸಿಲಿಗೆ ಒಣಹಾಕಿದರೂ ಏನೂ ಆಗದು ಎಂದು ಹೇಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಗಾಜಿನ ಮೇಜು ಸದ್ದು ಮಾಡುತ್ತಿತ್ತು. ಸೂಜಿಮಾಮನ ಕೈಯ ಕೆಳಗೆ ಆ ಪುಟ್ಟ ಕ್ಯಾಮೆರಾ ಗಾಜಿಗೆ ಬಡಿದುಕೊಳ್ಳುತ್ತಿತ್ತು, ಟಕಟಕಟಕ ಎಂದು, ಬಿಡುವಿಲ್ಲದೆ.

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಆದರೆ ಈಗ ತೆಗೆದುಕೊಂಡು ಏನು ಬಂತು ಅನ್ನಿಸಿತು. ಅಕ್ಕ ಕ್ಯಾಮೆರಾವನ್ನು ನೋಡಿದಳು, ಕೈಯನ್ನು ನೋಡಿದಳು. ಕೊನೆಗೆ ತಮ್ಮನ ಮುಖ ನೋಡಿದಳು. ಅಂಗಡಿಯವನು ಹಿಂದಿನ ಕೋಣೆಯಲ್ಲಿ ಏನೋ ಹುಡುಕುವುದಿದೆ ಎಂದು ಗೊಣಗಿ ಒಳಗೆ ಹೋದ. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ನಿಂತುಹೋದ ಮೆಷೀನು, ಖಾಲಿ ಡಬ್ಬಗಳು ಅಷ್ಟೇ.

“ಯಾವಾಗಿಂದ?”

“ಚಳಿಗಾಲದಿಂದ.”

“ಬಡ್ತಿ?”

“ಅದೂ ಇದರಿಂದಾನೇ.”

ಅಕ್ಕ ಗಿರಾಕಿಗಳಿಗಿಟ್ಟ ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಸೂಜಿಮಾಮ ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಅವನ ಕೈಯನ್ನು ಮೇಜಿನಿಂದ ಎತ್ತಿ, ಪಾತ್ರೆ ತಿರುಗಿಸಿ ನೋಡುವ ಹಾಗೆ ಹಿಂದುಮುಂದು ನೋಡಿ, ಮತ್ತೆ ಇದ್ದಲ್ಲೇ ಇಟ್ಟಳು. ಹೊರಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡಲು ಒದ್ದಾಡುತ್ತಿದ್ದರು. ಆಮೇಲೆ ಅದು ಚಾಲೂ ಆಗಿ ಹೋಯಿತು.

ಕೊನೆಗೆ ಸೂಜಿಮಾಮನೇ ಬಾಯಿ ಬಿಟ್ಟ. ಟಿಕೆಟ್ ವಾಪಸ್ ಮಾಡೋಣ, ತಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆ, ಆಸ್ಪತ್ರೆಯಲ್ಲಿ ಗುರುತಿನವರಿದ್ದಾರೆ, ನಾಳೆಯೇ ತೋರಿಸಬಹುದು ಎಂದ. ಇಷ್ಟು ತಿಂಗಳು ನುಂಗಿಕೊಂಡದ್ದನ್ನು ಅವನು ದಿನಸಿ ಹೇಳಿಕಳಿಸುವವನ ಹಾಗೆ ಒಂದರ ಹಿಂದೊಂದು ಹೇಳಿ ಮುಗಿಸಿದ.

“ಬೇಡ,” ಎಂದಳು ಅಕ್ಕ.

ಅವನಿಗೆ ಸರಿಯಾಗಿ ಕೇಳಿಸಿದರೂ ನಂಬಿಕೆಯಾಗಲಿಲ್ಲ.

“ಇಷ್ಟು ವರ್ಷ ಯಾರು ಕೆಮ್ಮಿದ್ರೂ ಪೆಟ್ಟಿಗೆ ಬಿಚ್ಚಿದೀನಿ. ಈ ಸಲ ಬಿಚ್ಚಲ್ಲ. ನೀನಾದ್ರೂ ಅಷ್ಟೇ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದುಬಂದವಳು ಇನ್ನೊಂದು ಹೆಜ್ಜೆ ಆಗದು ಎನ್ನುವ ದನಿ. “ಬೆಟ್ಟದಿಂದ ಇಳಿದ ಮಾರನೇ ದಿನ ನಾನೇ ಕರ್ಕೊಂಡು ಹೋಗ್ತೀನಿ. ಎಷ್ಟು ಡಾಕ್ಟರ ಹತ್ರ ಬೇಕೋ ಅಷ್ಟು. ಅಲ್ಲೀತನಕ ಆ ಕೈ ಏನಾದ್ರೂ ಮಾಡ್ಕೊಳ್ಳಲಿ, ನಡುಗಲಿ.”

ಚಳಿಗಾಲದಿಂದ ಸೂಜಿಮಾಮ ಬಯಸಿದ್ದು ಇದನ್ನೇ, ಅವಳು ನಿಲ್ಲಬಾರದು ಎಂಬುದನ್ನೇ. ಆದರೂ ಒಳಗೆಲ್ಲೋ ಚುರುಕ್ ಎಂದಿತು. ಬಿದ್ದ ಮಗು ಯಾರಾದರೂ ಎತ್ತಿಕೊಳ್ಳುತ್ತಾರೆಂದು ತಿರುಗಿ ನೋಡಿ, ಎಲ್ಲರೂ ಮುಂದಕ್ಕೆ ಹೋಗಿರುವುದನ್ನು ಕಂಡು, ಅಳುವುದೋ ಏಳುವುದೋ ತಿಳಿಯದೆ ಕೂತ ಹಾಗೆ. ಆ ನೋವಿಗೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ನಿಧಾನವಾಗಿ, ಹೆಗಲು ಸಡಿಲವಾಯಿತು. ಕೈ ಮೇಜಿನ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಅದನ್ನು ಬಚ್ಚಿಡುವ ಕೆಲಸ ಮುಗಿದಿತ್ತು.

ಅಂಗಡಿಯವನು ಬರಿಗೈಯಲ್ಲಿ ಹೊರಗೆ ಬಂದ. ಅಕ್ಕ ಸೋಪಿನ ಪೆಟ್ಟಿಗೆಯನ್ನು ಅವನ ಮುಂದೆ ಸರಿಸಿ, ಇದನ್ನೇ ಕಟ್ಟಿಕೊಡಿ ಎಂದಳು. ಕಿಂಡಿಯಿಲ್ಲ ಎಂದು ಸೂಜಿಮಾಮ ಇನ್ನೊಮ್ಮೆ ಹೇಳಿ ನೋಡಿದ. ತೆಗೆಯುವವಳು ತಾನು, ಕಿಂಡಿ ತನಗೆ ಬೇಡ, ಕಿಂಡಿಯಲ್ಲಿ ಇಣುಕಿದರೆ ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ ಎಂದಳು ಅಕ್ಕ. ಸೂಜಿಮಾಮ ಹೊರಡುವಾಗ ಅಂಗಡಿಯವನಿಗೆ, ನಿನ್ನ ಮೆಷೀನು ಚೆನ್ನಾಗೇ ಇತ್ತು ಎಂದ. ಗೊತ್ತು ಬಿಡು ಎಂದ ಅವನು, ಡಬ್ಬಕ್ಕೆ ಟೇಪು ಸುತ್ತುತ್ತ.

ಟೇಪು ಸುತ್ತಿದ್ದು ದಂಡವಾಯಿತು. ಬಸ್ ನಿಲ್ದಾಣದಲ್ಲಿ ಅಕ್ಕ ಡಬ್ಬವನ್ನು ಹಲ್ಲಿನಿಂದ ಬಿಚ್ಚಿದಳು. ಎದುರಿಗೆ ನಿಂತ ಲಾರಿಯ ನೆರಳಿನಲ್ಲಿ ಕಂದು ನಾಯಿಯೊಂದು ಮಲಗಿತ್ತು. ಅವಳು ಅದರ ಮುಂದೆ ಸೊಂಟ ಹಿಡಿದುಕೊಂಡು ಬಗ್ಗಿ, ಒತ್ತಿದಳು, ಮತ್ತೆ ಒತ್ತಿದಳು, ಒತ್ತುತ್ತಲೇ ಹೋದಳು. ಸಾಲಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಒಂದು ಜಾಗಕ್ಕೆ ಒಂದೇ ಚಿತ್ರ ಎಂದು ರೋಲು ಉಳಿಸಿ ಬದುಕಿದ ಸೂಜಿಮಾಮನಿಗೆ ತಡೆಯಲಾಗಲಿಲ್ಲ.

“ಒಂದು ನಾಯಿಗೆ ಎಷ್ಟು ತೆಗೀತೀ?”

“ಅದು ಕಣ್ಣು ಬಿಡೋವರೆಗೂ,” ಎಂದಳು ಅಕ್ಕ, ತಿರುಗಿ ನೋಡದೆ.

ಅವರು ಹತ್ತಬೇಕಿದ್ದ ಬಸ್ಸು ಬಂತು, ನಿಂತಿತು, ಅವರಿಬ್ಬರನ್ನು ಬಿಟ್ಟು ಸಾಲನ್ನೆಲ್ಲ ನುಂಗಿಕೊಂಡು ಹೊರಟುಹೋಯಿತು. ಹೊಗೆಗೆ ನಾಯಿ ಕಣ್ಣು ಬಿಟ್ಟು, ಎದ್ದು, ಮೈಮೇಲಿನ ಧೂಳು ಕೊಡವಿ, ರಸ್ತೆ ದಾಟಿ ಆಚೆಯ ಗೋಡೆಯ ಬುಡದಲ್ಲಿ ಮತ್ತೆ ಮಲಗಿತು. ಅಕ್ಕ ತನ್ನ ಕೈಚೀಲವನ್ನು ತಮ್ಮನ ಕಾಲ ಬಳಿ ಇಟ್ಟಳು. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕ್ಯಾಮೆರಾ ಹಿಡಿದುಕೊಂಡು ನಾಯಿಯ ಹಿಂದೆಯೇ ರಸ್ತೆಗಿಳಿದಳು.