ಮೈದುನನ ಸುಳ್ಳು ಮಿಡಿತಗಳು

ಅತ್ತಿಗೆ ಕಾಯುತ್ತಿದ್ದದ್ದು ಉಗುರಗಲದ ಒಂದು ಲೋಹದ ಪದರವನ್ನು. ನೆಲಮಾಳಿಗೆಯ ಆಳೆತ್ತರದ ಯಂತ್ರದೊಳಗೆ ಅದಕ್ಕೆ ಎಂಥ ಚಳಿಯೆಂದರೆ, ಕರೆಂಟು ಎಳ್ಳಷ್ಟೂ ಅಡ್ಡಿಯಿಲ್ಲದೆ ಹರಿಯುತ್ತಿತ್ತು. ಎಲ್ಲಿಂದಲೋ ಒಂದು ಕಣ ಬಂದು ತಾಕಿದರೆ ಸಾಕು, ಆ ಇಷ್ಟೇ ಇಷ್ಟು ಬಿಸಿಗೆ ಪದರ ಬೆಚ್ಚಿಬಿದ್ದು ಪರದೆಯ ಮೇಲೆ ಮಿಡಿತವೊಂದು ಏಳಬೇಕು. ಇದುವರೆಗೆ ಯಾರೂ ಕಂಡಿರದ ಆ ಕಣಕ್ಕಾಗಿ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೂತು ವರ್ಷಗಳಾಗಿದ್ದವು.

ಗಂಡನ ತಮ್ಮನೂ ಅಲ್ಲೇ ಇದ್ದ. ಅವನ ಕೆಲಸವೇ ಮೋಸ. ಕಾಯುವವರು ಆಸೆಗೆ ಬಿದ್ದು ತಮಗೆ ತಾವೇ ಟೋಪಿ ಹಾಕಿಕೊಳ್ಳಬಾರದೆಂದು ಆಗಾಗ ಸುಳ್ಳು ಮಿಡಿತ ತುರುಕುವುದು. ಯಾವುದು ತನ್ನದೆಂದು ಪ್ರಯೋಗದ ಒಂದು ಸುತ್ತು ಮುಗಿದು ಸಭೆ ಸೇರುವವರೆಗೆ ಬಾಯಿ ಬಿಡುವಂತಿಲ್ಲ.

ಆ ಬೆಳಿಗ್ಗೆ ಬಂದದ್ದು ತಿದ್ದಿ ತೀಡಿದಂಥ ಮಿಡಿತ.

"ಏನಪ್ಪಾ, ಇದು ನಿಂದೇ ತಾನೆ?"

"ನನ್ನ ಕೇಳ್ತೀರಲ್ಲ ಅತ್ತಿಗೆ, ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ?" ಕಿಸಕ್ಕನೆ ನಕ್ಕ.

"ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿಯೋನು ನೀನು. ನಿನ್ನ ಕೈಚಳಕ ನನಗೆ ಗೊತ್ತಿಲ್ವಾ?"

ಅವನು ಇನ್ನಷ್ಟು ನಕ್ಕ. ಅದನ್ನೇ ಉತ್ತರವೆಂದುಕೊಂಡಳು. ಹಿಂದಿನ ಸುತ್ತಿನಲ್ಲಿ ಇಂಥದ್ದೇ ಸುಳ್ಳಿಗೆ ಹಿಗ್ಗಿ ಹೀರೇಕಾಯಿಯಾಗಿದ್ದಳು. ಸಭೆಯಲ್ಲಿ, ಹೆಸರಿನ ಹಿಂದೆ ಮಾರುದ್ದ ಡಿಗ್ರಿ ಅಂಟಿಸಿಕೊಂಡ ದೊಡ್ಡ ಮನುಷ್ಯರೆಲ್ಲ ಹಲ್ಲು ಕಿಸಿದಿದ್ದರು. ಆ ಹಲ್ಲುಗಳನ್ನು ಅವಳು ಮರೆತಿರಲಿಲ್ಲ.

ಮರುದಿನ ಮೇಲ್ವಿಚಾರಕರು ಬಂದರು. "ಚಳಿ ಕೊಡೋ ಪಂಪು ಕೊರ್ ಅಂತಿದೆ. ಯಂತ್ರಾನ ಬೆಚ್ಚಗೆ ಮಾಡಿ ಬಿಚ್ಚಿಸ್ತೀನಿ. ಏನಾದ್ರೂ ಬಂದಿದೆಯೇನಮ್ಮಾ?"

"ಏನೂ ಇಲ್ಲ ಸರ್."

ಬಂದಿದೆ ಎಂದಿದ್ದರೆ ಚಳಿಯನ್ನು ಹಾಗೇ ಹಿಡಿದಿಟ್ಟು, ಅದು ಯಂತ್ರದ್ದೇ ಕಿತಾಪತಿಯೋ ನಿಜವಾದ ಕಣವೋ ಎಂದು ಪರೀಕ್ಷಿಸುತ್ತಿದ್ದರು. ಒಮ್ಮೆ ಬೆಚ್ಚಗಾಯಿತೋ, ಆ ಪರೀಕ್ಷೆಗೆ ಎಳ್ಳುನೀರು.

ಸಭೆಯಲ್ಲಿ ಮೈದುನ ತನ್ನ ಸುಳ್ಳುಗಳನ್ನೆಲ್ಲ ಪರದೆಗೆ ತಂದ. ಅವಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು.

"ಒಂದು ಬಿಟ್ಟೆಯಲ್ಲೋ."

"ಇಲ್ಲ ಅತ್ತಿಗೆ, ಇಷ್ಟೇ."

"ಮತ್ತೆ ಅವತ್ತು ನಕ್ಕೆ?"

"ನನ್ನದಾದ್ರೂ ಅಲ್ಲದಿದ್ರೂ ಒಂದೇ ಥರ ನಗಬೇಕಲ್ವಾ. ನೀವು ಹೇಳಿರ್ತೀರ, ಪರೀಕ್ಷೆ ಮುಗಿಸೇ ಬಿಚ್ಚಿದ್ದಾರೆ ಅಂದ್ಕೊಂಡೆ."

ಅವಳು ಎದ್ದು ಹೋಗಿ ಆ ಬೆಳಗಿನ ಮಿಡಿತವನ್ನು ತಾನೇ ಪರದೆಗೆ ತಂದಳು. ಈ ಸಲ ಯಾರೂ ಹಲ್ಲು ಕಿಸಿಯಲಿಲ್ಲ.

"ಒಂದು ಮಾತು ಅಂದಿದ್ರೆ..." ಎಂದು ಶುರುಮಾಡಿದ ಮೇಲ್ವಿಚಾರಕರು ಅವಳ ಮುಖ ನೋಡಿ, ಉಳಿದದ್ದನ್ನು ನುಂಗಿಕೊಂಡರು.